ಕ್ಯಾಚ್, ಹೋಲ್ಡ್ ಎರಡಕ್ಕೂ 'ಹಿಡಿ' ಅನ್ನುತ್ತೇವೆ, ಹಾಗಾದರೆ ವ್ಯತ್ಯಾಸವೇನು?

ಓಡುವುದನ್ನು, ಕೈತಪ್ಪಿ ಹೋಗುವಂಥದ್ದನ್ನು ಹಿಡಿದರೆ ಕ್ಯಾಚ್. ಸಿಕ್ಕಿದ ಮೇಲೆ ಬಿಡದೆ ಹಿಡಿದುಕೊಂಡರೆ ಹೋಲ್ಡ್. ಕಾರವಾರದ ಬೈತಖೋಲ ಬಂದರಿಗೆ ಬಂದು ನೋಡಿ. ದೋಣಿಯವರು ಬಂಗಡೆ ಹಿಡಿದದ್ದು ಕ್ಯಾಚ್, ದಡದಲ್ಲಿ ಬುಟ್ಟಿ ಹಿಡಿದು ನಿಂತದ್ದು ಹೋಲ್ಡ್. ದೋಣಿ ತಂದ ಒಟ್ಟು ಮೀನಿಗೂ ಕ್ಯಾಚ್ ಅಂತಲೇ ಹೆಸರು. ಶಿರಸಿ ಬಸ್ ಹಿಡಿಯುವುದೂ ಕ್ಯಾಚ್. ತಡ ಮಾಡಿದರೆ ಬಸ್ ಹೊರಟುಬಿಡುತ್ತದೆ ಅಲ್ವಾ?

ಜಾಸ್ತಿ ಜನ ಎಡವುವುದು ಶೀತದ ವಿಷಯದಲ್ಲಿ. ಕನ್ನಡದಲ್ಲಿ 'ನನಗೆ ಶೀತ ಹಿಡಿದಿದೆ', ಅಂದರೆ ಹಿಡಿಯುವುದು ಶೀತ. ಇಂಗ್ಲಿಷಿನಲ್ಲಿ ಅದು ತಿರುವುಮುರುವು, ಹಿಡಿಯುವವರು ನಾವು: 'ಐ ಕಾಟ್ ಎ ಕೋಲ್ಡ್'. ಈ ಕಾಟ್ ಅನ್ನುವುದೇ ಕ್ಯಾಚ್‌ನ ಭೂತಕಾಲ. 'ಕ್ಯಾಚ್ಡ್' ಅನ್ನಬೇಡಿ.

ಹಾಂ, ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸದಿದ್ದರೆ 'ಐ ಡಿಡಂಟ್ ಕ್ಯಾಚ್ ದ್ಯಾಟ್' ಅನ್ನಿ.