ಚಹಾದ ಹೊತ್ತಿಗೆ ಕಾಡುವ ತಲಬು

ಪ್ರಶ್ನೆ: ನನಗೆ 43 ವರ್ಷ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. 20 ವರ್ಷಗಳಿಂದ ದಿನಕ್ಕೆ 15 ಸಿಗರೇಟು ಸೇದುತ್ತಿದ್ದೆ. ಎದ್ದ ಕೂಡಲೇ ಒಂದು ಬೇಕೇ ಬೇಕಿತ್ತು. ಬಿಟ್ಟು 9 ದಿನವಾಗಿದೆ. 2 ಮಿಲಿಗ್ರಾಂ ನಿಕೋಟಿನ್ ಗಮ್ ಅಗಿಯುತ್ತಿದ್ದರೂ ಚಹಾದ ಹೊತ್ತಿಗೆ ತಲಬು ತಡೆಯಲಾಗದೆ ನಿನ್ನೆ ಒಂದು ಸೇದಿಬಿಟ್ಟೆ. ಗೆಳೆಯರು ಗುಟ್ಕಾ ಹಾಕಿಕೋ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿನ್ನೆಯ ಒಂದು ಸಿಗರೇಟಿನಿಂದ ನಿಮ್ಮ ಶ್ರಮ ವ್ಯರ್ಥವಾಗಿಲ್ಲ; ಎರಡನೆಯದನ್ನು ಹಚ್ಚದಿರುವುದೇ ಈಗ ಮುಖ್ಯ. ಸಿಡಿಮಿಡಿ, ನಿದ್ದೆಗೇಡು ಮೊದಲ ಎರಡು-ಮೂರು ದಿನ ತೀವ್ರವಾಗಿದ್ದು, ಸಾಮಾನ್ಯವಾಗಿ 3-4 ವಾರಗಳಲ್ಲಿ ಇಳಿಯುತ್ತವೆ. ಆ ಕಷ್ಟದ ದಿನಗಳನ್ನು ನೀವು ಆಗಲೇ ದಾಟಿದ್ದೀರಿ.

ಗಮ್ ಕೆಲಸ ಮಾಡದಿರಲು ಚಹಾವೇ ಕಾರಣವಿರಬಹುದು. ಗಮ್‌ನಲ್ಲಿರುವ ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕ ರಕ್ತ ಸೇರಬೇಕು. ಚಹಾ, ಕಾಫಿ, ಹಣ್ಣಿನ ರಸ ಅದನ್ನು ತಡೆಯುವುದರಿಂದ, ಗಮ್ ಅಗಿಯುವ 15 ನಿಮಿಷ ಮೊದಲು ಮತ್ತು ಅಗಿಯುತ್ತಿರುವಾಗ ಇವನ್ನು ಕುಡಿಯಬಾರದು. ಎಲೆಅಡಿಕೆಯಂತೆ ಒಂದೇ ಸಮನೆ ಜಗಿಯಲೂಬಾರದು: ನಿಧಾನವಾಗಿ ಕಚ್ಚಿ, ಬಾಯಿ ಚುರುಗುಟ್ಟಿದೊಡನೆ ಅದನ್ನು ಕೆನ್ನೆ ಮತ್ತು ವಸಡಿನ ನಡುವೆ ಇರಿಸಿ, ಚುರುಕು ಇಳಿದ ಮೇಲೆ ಮತ್ತೆ ಕಚ್ಚಿ, ಹೀಗೆ ಸುಮಾರು ಅರ್ಧ ಗಂಟೆ ಬಳಸಬೇಕು. ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಿದ್ದವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ಗಮ್ ಬೇಕಾಗುತ್ತದೆ. ವೈದ್ಯರನ್ನು ಕೇಳಿ ಬದಲಿಸಿಕೊಳ್ಳಿ. ಹೃದ್ರೋಗವಿದ್ದರಂತೂ ಕೇಳದೆ ಬಳಸಬೇಡಿ.

ಇಷ್ಟು ವರ್ಷ ಚಹಾದ ಕಪ್ಪು ಒಂದು ಕೈಯಲ್ಲಿದ್ದರೆ ಸಿಗರೇಟು ಇನ್ನೊಂದರಲ್ಲಿತ್ತು. ಆ ಜೋಡಿಯನ್ನು ಮುರಿಯಬೇಕು. ಕೆಲವು ವಾರ ಗೂಡಂಗಡಿಯ ಮುಂದೆ ನಿಲ್ಲದೆ, ಚಹಾವನ್ನು ನಿಮ್ಮ ಮೇಜಿಗೇ ತರಿಸಿಕೊಂಡು, ಕುಡಿದ ಕೂಡಲೇ ಬಾಯಿ ಮುಕ್ಕಳಿಸಿ ನಾಲ್ಕು ಕಾಳು ಬಡೇಸೋಪು ಹಾಕಿಕೊಳ್ಳಿ. ತಲಬು ಬಹುತೇಕ ಕೆಲವೇ ನಿಮಿಷಗಳಲ್ಲಿ ತಾನಾಗಿ ಇಳಿಯುತ್ತದೆ. ಅಷ್ಟು ಹೊತ್ತು ಎದ್ದು ಪ್ರಾಂಗಣದಲ್ಲಿ ಒಂದು ಸುತ್ತು ನಡೆದು ಬನ್ನಿ.

ಗುಟ್ಕಾದ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಅದರಲ್ಲಿಯೂ ನಿಕೋಟಿನ್ ಇರುವುದರಿಂದ ಚಟ ಹಾಗೆಯೇ ಉಳಿಯುತ್ತದೆ, ಅದರೊಂದಿಗೆ ಬಾಯಿ ಕ್ಯಾನ್ಸರಿನ ಅಪಾಯವೂ ಬರುತ್ತದೆ. ಒಬ್ಬರೇ ನಿಭಾಯಿಸುವುದು ಕಷ್ಟವೆನಿಸಿದರೆ ತಂಬಾಕು ಬಿಡುವವರಿಗಾಗಿಯೇ ಇರುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ, ಇಲ್ಲವೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರನ್ನು ಕಾಣಿ. ಹೋಗುವಾಗ ಈಗ ಬಳಸುತ್ತಿರುವ ಗಮ್‌ನ ಪೊಟ್ಟಣವನ್ನೂ ಒಯ್ಯಿರಿ.