7.5 ಲಕ್ಷ ಸಾಲ, 18 ಸಾವಿರ ಸಂಬಳ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

2025ರ ಜೂನ್. ಪಿಯುಸಿ ಮುಗಿಸಿದ ಮಗಳು, ಜೊತೆಗೆ ತಂದೆ. ಧಾರವಾಡ ಜಿಲ್ಲೆಯ ಹಳ್ಳಿಯವರು, ಮಳೆ ನಂಬಿದ ಬೇಸಾಯ. ಮಗಳಿಗೆ ಫಿಸಿಯೋಥೆರಪಿ ಓದುವ ಆಸೆ, ಅದರಲ್ಲಿ ಎರಡು ಮಾತಿಲ್ಲ. ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ ಅಂತ ಏಜೆಂಟ್ ಒಬ್ಬ ಬೆನ್ನು ಬಿದ್ದಿದ್ದ. ಫೀ ವರ್ಷಕ್ಕೆ 1.5 ಲಕ್ಷ, ಹಾಸ್ಟೆಲ್ಲು ಊಟ 90 ಸಾವಿರ. ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷಕ್ಕೆ ಹತ್ತಿರ ಹತ್ತಿರ 10 ಲಕ್ಷ. ಮನೆಯಲ್ಲಿದ್ದದ್ದು 2.5 ಲಕ್ಷ. ಉಳಿದದ್ದಕ್ಕೆ ಬ್ಯಾಂಕ್ ಸಾಲ.

"ಹೊಲಾ ಅಡಾ ಇಡೂದು ಬ್ಯಾಡಂತ್ರಿ ಮೇಡಂ, ಅದಕ್ಕ ಧೈರ್ಯ ಮಾಡೇವಿ" ಅಂದರು ತಂದೆ.

7.5 ಲಕ್ಷದವರೆಗೆ ಅಡ ಇಲ್ಲದೆ ಶಿಕ್ಷಣ ಸಾಲ ಸಿಗುತ್ತದೆ, ನಿಜ. ಏಜೆಂಟರಿಗೂ ಇದು ಚೆನ್ನಾಗಿ ಗೊತ್ತು. ಅವರು ಬರೆದುಕೊಡುವ ಲೆಕ್ಕ ಅದ್ಯಾಕೋ ಸರಿಯಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ! ಆದರೆ ಅಡ ಇಲ್ಲ ಅಂದರೆ ಹೊಣೆ ಇಲ್ಲ ಅಂತಲ್ಲ. ಸಾಲದ ಪತ್ರಕ್ಕೆ ತಂದೆಯೂ ಜಂಟಿ ಸಾಲಗಾರನಾಗಿ ಸಹಿ ಹಾಕಬೇಕು. ಕಂತು ತಪ್ಪಿದರೆ ಇಬ್ಬರ ಸಿಬಿಲ್ ಸ್ಕೋರೂ, ಅಂದರೆ ಸಾಲ ಸರಿಯಾಗಿ ತೀರಿಸಿದ್ದಾರಾ ಅಂತ ತೋರಿಸುವ ಅಂಕ, ಕೆಡುತ್ತದೆ. ನಾಳೆ ಟ್ರ್ಯಾಕ್ಟರ್‌ಗೋ ಬೆಳೆಗೋ ಸಾಲ ಕೇಳಲು ಹೋದರೆ ಬ್ಯಾಂಕಿನವರು ಮೊದಲು ನೋಡುವುದು ಅದನ್ನೇ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಮಗಳ ಕೈಗೇ ಪೆನ್ನು ಕೊಟ್ಟೆ. ಬಡ್ಡಿ ಶೇ 10 ಅಂತ ಇಟ್ಟುಕೊಂಡೆವು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಸುಮ್ನೆ ಕೂರುವುದಿಲ್ಲ. ನಾಲ್ಕು ವರ್ಷ ಸಮನಾಗಿ ಸಾಲ ತೆಗೆದರೆ, ಕಂತು ಶುರುವಾಗುವ ಹೊತ್ತಿಗೆ ಬಡ್ಡಿಯೇ 3 ಲಕ್ಷ ಆಗಿರುತ್ತದೆ. ಅಲ್ಲಿಗೆ ಸಾಲ 10.5 ಲಕ್ಷ. 10 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 13,900. 15 ವರ್ಷಕ್ಕೆ ಎಳೆದರೆ 11,300, ಆದರೆ ಒಟ್ಟು ಕಟ್ಟುವುದು 20 ಲಕ್ಷ ದಾಟುತ್ತದೆ. ಅವಳು ಎರಡು ಸಲ ಕೂಡಿ ನೋಡಿದಳು.

ಸಂಬಳ ಎಷ್ಟು ಬರುತ್ತದೆ? ನಾನು ಹೇಳಲಿಲ್ಲ. ಆ ಕಾಲೇಜಿನಲ್ಲೇ ಓದಿ ಈಗ ಕೆಲಸ ಮಾಡುತ್ತಿರುವ ಮೂವರನ್ನು ಕೇಳಿ ಬಾ ಅಂದೆ. ಏಜೆಂಟ್ ಕೊಟ್ಟ ನಂಬರ್ ಬೇಡ, ನೀನೇ ಹುಡುಕು ಅಂತಲೂ ಹೇಳಿದೆ. ಮುಂದಿನ ಸಲ ಬರುವಾಗ ಬರೆದುಕೊಂಡು ಬಂದಳು: 16 ಸಾವಿರ, 18 ಸಾವಿರ, 22 ಸಾವಿರ. 18 ಸಾವಿರದಲ್ಲಿ ಬೆಂಗಳೂರಿನ ಪಿಜಿಗೆ 8 ಸಾವಿರ ಕೊಟ್ಟರೆ ಉಳಿಯುವುದು 10 ಸಾವಿರ. 15 ವರ್ಷದ ಕಂತಿಗೂ ಅದು ಸಾಲದು. ಬಸ್ಸು, ಬಟ್ಟೆ, ಜ್ವರ ಬಂದರೆ ಔಷಧಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

"ಯುಕೆದಾಗ ತಿಂಗಳಿಗೆ 2 ಲಕ್ಷ ಅಂದಾರಲ್ರೀ?" ತಂದೆ ಕೇಳಿದರು. ಹೋಗುವವರಿದ್ದಾರೆ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಎಚ್‌ಸಿಪಿಸಿ ಅನ್ನುವ ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿ ಆಗಬೇಕು, ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಆಮೇಲೆ ಕೆಲಸ, ವೀಸಾ. ಇಲ್ಲಿಯ ಕಂತು ಅಷ್ಟು ದಿನ ಕಾಯುತ್ತಾ? ವಿದೇಶದ ಸಂಬಳ ಬಂದಾಗ ಬರಲಿ, ಸಾಲದ ಲೆಕ್ಕಕ್ಕೆ ಅದನ್ನು ಹಿಡಿಯಬೇಡಿ ಅಂದೆ. ಹೆಸರಿನ ಮುಂದೆ 'ಡಾ.' ಬರುತ್ತದೆ ಅನ್ನುವ ಆಸೆಯೂ ಮನೆಯಲ್ಲಿತ್ತು. ಆ ಸೆಪ್ಟೆಂಬರ್‌ನಲ್ಲಿ ಫಿಸಿಯೋಥೆರಪಿಸ್ಟರು ಅದನ್ನು ಬಳಸಬಾರದು ಅಂತ ಕೇಂದ್ರದ ಆರೋಗ್ಯ ಮಹಾನಿರ್ದೇಶನಾಲಯ ಪತ್ರ ಬರೆಯಿತು, ಮರುದಿನವೇ ಹಿಂಪಡೆಯಿತು. ಬ್ಯಾಂಕಿನ ಕಂತು ಮಾತ್ರ ಎರಡೂ ದಿನ ಅಷ್ಟೇ ಇತ್ತು.

ಕೋರ್ಸ್ ಬಿಡು ಅಂತ ನಾನು ಹೇಳಲಿಲ್ಲ. ಅವಳು ಕೊಡುತ್ತಿದ್ದ ಬೆಲೆ ಜಾಸ್ತಿ, ಅಷ್ಟೇ. ಸಿಇಟಿ ಬರೆದಿದ್ದಳು. ಆ ರ‍್ಯಾಂಕಿಗೆ ಹುಬ್ಬಳ್ಳಿ ಕಡೆಯ ಕಾಲೇಜೊಂದರಲ್ಲಿ ವರ್ಷಕ್ಕೆ 70 ಸಾವಿರ ಫೀಗೆ ಬಿಪಿಟಿ (ಫಿಸಿಯೋಥೆರಪಿ ಪದವಿ) ಸೀಟು ಸಿಗುವಂತಿತ್ತು. ಮನೆಯಿಂದಲೇ ಓಡಾಡಬಹುದು, ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡಿಲ್ಲ. ಸಾಲ ಬೇಕಾಗಿದ್ದು 2.8 ಲಕ್ಷ. ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ ಸಾಲ ಅಷ್ಟರಲ್ಲೇ ನಿಲ್ಲುತ್ತದೆ, 10 ವರ್ಷಕ್ಕೆ ಕಂತು 3,700. ಮೊದಲ ವರ್ಷದ ಬಡ್ಡಿ 7 ಸಾವಿರ, ನಾಲ್ಕನೆಯ ವರ್ಷ 28 ಸಾವಿರ. ಮನೆಯಲ್ಲಿದ್ದ 2.5 ಲಕ್ಷವನ್ನು ಫೀಗೆ ಸುರಿಯದೆ, ಈ ಬಡ್ಡಿಗೂ ಮಳೆ ಕೈಕೊಟ್ಟ ವರ್ಷಕ್ಕೂ ಇಟ್ಟುಕೊಳ್ಳಿ ಅಂದೆ.

ಕುಟುಂಬದ ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ಬಡ್ಡಿ ಸಬ್ಸಿಡಿ ಇದೆ. ಯಾವ ಕಾಲೇಜಿಗೆ ಅನ್ವಯಿಸುತ್ತದೆ ಅನ್ನುವುದಕ್ಕೆ ಷರತ್ತುಗಳಿವೆ, ಆದ್ದರಿಂದ ಸೀಟು ಒಪ್ಪಿಕೊಳ್ಳುವ ಮೊದಲೇ ಬ್ಯಾಂಕಿನಲ್ಲಿ ಕೇಳಬೇಕು. ದೇವರಾಜ ಅರಸು ಹಿಂದುಳಿದ ವರ್ಗಗಳ ನಿಗಮದ ಅರಿವು ಸಾಲದ ಬಡ್ಡಿ ಶೇ 2 ಮಾತ್ರ. ಅದಕ್ಕೂ ಅರ್ಜಿ ಹಾಕಿಸಿದೆ, ಬಂದೇ ಬರುತ್ತದೆ ಅಂತ ನೆಚ್ಚಿಕೊಳ್ಳಬೇಡಿ ಅಂತಲೂ ಹೇಳಿದೆ.

ಮಗಳ ಅಳುಕು ಬೇರೆ. "ಸಣ್ಣ ಕಾಲೇಜಂದ್ರ ಕೆಲಸ ಕೊಡ್ತಾರೇನ್ರಿ ಮೇಡಂ?" ನ್ಯಾಯವಾದ ಪ್ರಶ್ನೆ. ಕಟ್ಟಡ ನೋಡಬೇಡವ್ವಾ, ಕಲಿಯಲು ಪೋಸ್ಟಿಂಗ್ ಹಾಕುವ ಆಸ್ಪತ್ರೆ ನೋಡು ಅಂದೆ. ಪಾರ್ಶ್ವವಾಯು ಆದವರು, ಮೂಳೆ ಮುರಿದವರು ಅಲ್ಲಿಗೆ ಬರುತ್ತಾರಾ? ರೋಗಿಯನ್ನು ಮುಟ್ಟಿ ಕಲಿಯುವ ವಿದ್ಯೆ ಇದು. ತಂದೆ ಮಗಳು ಒಂದು ಬೆಳಿಗ್ಗೆ ಆ ಆಸ್ಪತ್ರೆಯ ಒಪಿಡಿಯಲ್ಲಿ ಕೂತು ನೋಡಿ ಬಂದರು. ಸಿಇಟಿ ಸೀಟು ಸಿಕ್ಕಿತು, ಸೇರಿದಳು.

ಮೊನ್ನೆ ಫೋನ್ ಮಾಡಿ, ಇದಾದ ಮೇಲೆ ಎಂಪಿಟಿಗೂ (ಸ್ನಾತಕೋತ್ತರ ಪದವಿ) ಸಾಲ ತೆಗೆಯಬಹುದಾ ಅಂತ ಕೇಳಿದಳು. ಮೊದಲು ಎರಡು ವರ್ಷ ಕೆಲಸ ಮಾಡು, ಯಾವ ವಿಭಾಗ ಹಿಡಿಸುತ್ತದೆ ನೋಡು, ಅಲ್ಲಿಯವರೆಗೆ ಎರಡನೇ ಸಾಲದ ಮಾತು ಬೇಡ ಅಂದೆ.