ತಗಡಿನ ಸಂದುಗಳ ದುರಸ್ತಿ: ಹಳೆಯ ಕಾರಿನ ಮಾಲೀಕರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನಲ್ಲಿ 1960ರ ದಶಕದ ಕಾರೊಂದಿದೆ. ಅದರ ಹಿಂಬದಿಯ ಮಡ್‌ಗಾರ್ಡು ಒಳತಗಡಿಗೆ ಕೂಡುವಲ್ಲಿ ಹಳೆಯ ಸೀಲರ್ (ನೀರು ಹೋಗದಂತೆ ಸಂದಿಗೆ ತುಂಬುವ ಅಂಟು) ಬಿರುಕು ಬಿಟ್ಟಿದ್ದು, ಆ ಬಿರುಕಿನಿಂದ ಕಂದು ಕಲೆ ಇಳಿಯುತ್ತಿದೆ. ಅದರ ಮೇಲೆಯೇ ಹೊಸ ಸೀಲರ್ ಬಳಿದರೆ ಸಾಕೆಂದು ಕೆಲವರು, ಬೆಸುಗೆ ಬಿಡಿಸಿಯೇ ಸರಿಪಡಿಸಬೇಕೆಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಮೇಲೆ ಬಳಿಯುವ ಸಲಹೆಯನ್ನು ಕೈಬಿಡಿ. ಬಿಗಿಯಾಗಿ ಕೂತ ಎರಡು ತಗಡುಗಳ ನಡುವಿನ ಸಣ್ಣ ಸಂದು ನೀರನ್ನು ತಾನಾಗಿಯೇ ಒಳಕ್ಕೆ ಎಳೆದುಕೊಳ್ಳುತ್ತದೆ. ಅಲ್ಲಿಗೆ ಗಾಳಿಯಾಡದ ಕಾರಣ ಒಮ್ಮೆ ಹೊಕ್ಕ ನೀರು ಬೇಗನೆ ಒಣಗುವುದೂ ಇಲ್ಲ. ಕಂದು ಕಲೆ ಹೊರಗೆ ಕಾಣಿಸಿತೆಂದರೆ ಒಳಗೆ ಉಕ್ಕು ಸವೆಯತೊಡಗಿ ಬಹಳ ಕಾಲವಾಗಿರುತ್ತದೆ. ಈಗ ಸಂದಿನ ಬಾಯಿ ಮುಚ್ಚಿದರೆ ಆ ತೇವವನ್ನು ಒಳಗೇ ಕೂಡಿಹಾಕಿದಂತಾಗುತ್ತದೆಯೇ ಹೊರತು ತುಕ್ಕು ನಿಲ್ಲುವುದಿಲ್ಲ.

ಆದರೆ ಪ್ರತಿಯೊಂದು ಬಿರುಕಿಗೂ ಬೆಸುಗೆ ಬಿಡಿಸಬೇಕಾಗಿಲ್ಲ. ಮೊದಲು ಹೀಟ್ ಗನ್‌ನಿಂದ ಹಳೆಯ ಸೀಲರನ್ನು ಮೆದುಮಾಡಿ, ಮೊಂಡು ಸ್ಕ್ರೇಪರಿನಿಂದ ಪೂರ್ತಿಯಾಗಿ ಕೆರೆದು ತೆಗೆಯಿರಿ. ಬಳಿಕ ಅಂಚಿನುದ್ದಕ್ಕೂ ಬೆರಳಾಡಿಸಿ ನೋಡಿ. ತುಕ್ಕು ತಾನು ತಿಂದ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುವುದರಿಂದ ತಗಡುಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ. ತಗಡುಗಳನ್ನು ಅಲ್ಲಲ್ಲಿ ಬೆಸೆದ ಸ್ಪಾಟ್ ವೆಲ್ಡಿಂಗಿನ ಚುಕ್ಕೆಗಳು ಹಿಡಿದಿಟ್ಟ ಕಡೆ ತಗ್ಗು, ಅವುಗಳ ನಡುವೆ ಉಬ್ಬು, ಹೀಗೆ ಅಂಚು ಅಲೆಯಲೆಯಾಗಿ ಕೈಗೆ ಸಿಕ್ಕಿದರೆ ಸಂದನ್ನು ಬಿಡಿಸದೆ ಗತ್ಯಂತರವಿಲ್ಲ. ಅಂಚು ನೇರವಾಗಿದ್ದು, ಚೂಪಾದ ಸಲಾಕೆಯಿಂದ ಒತ್ತಿದಾಗಲೂ ತಗಡು ಗಟ್ಟಿಯಾಗಿಯೇ ಉಳಿದರೆ, ಚೆನ್ನಾಗಿ ಶುಚಿಮಾಡಿ ಒಣಗಿಸಿ, ಎಪಾಕ್ಸಿ ಪ್ರೈಮರ್ (ಬಣ್ಣಕ್ಕೆ ಮೊದಲು ಲೋಹಕ್ಕೆ ಹಚ್ಚುವ ತಳಲೇಪ) ಬಳಿದು ಹೊಸ ಸೀಲರ್ ಹಾಕಬಹುದು. ಬಿಡಿಸದ ಸಂದಿಗೆ ಆಮ್ಲವಿರುವ ತುಕ್ಕುನಿವಾರಕವನ್ನು ಮಾತ್ರ ಸುರಿಯಬೇಡಿ; ಅದನ್ನು ಒಳಗಿನಿಂದ ತೊಳೆದು ತೆಗೆಯಲು ಆಗುವುದಿಲ್ಲ, ಉಳಿದ ಆಮ್ಲ ಬಣ್ಣದ ಕೆಳಗೆ ತನ್ನ ಕೆಲಸವನ್ನು ಮುಂದುವರಿಸುತ್ತದೆ.

ಬಿಡಿಸಲೇಬೇಕಾದಾಗ ಸ್ಪಾಟ್ ವೆಲ್ಡ್ ಕಟರಿನಿಂದ ಮೇಲಿನ ತಗಡನ್ನಷ್ಟೇ ಕೊರೆದು, ಕೆಳಗಿನದನ್ನು ಉಳಿಸಿಕೊಳ್ಳಿ. ಕಾರಿನ ಮೈಯ ಬಿಗಿತಕ್ಕೆ ಆಧಾರವಾಗಿರುವ ಸಿಲ್‌ನಂಥ (ಬಾಗಿಲಿನ ಕೆಳಗಿನ ತೊಲೆ) ಭಾಗವನ್ನು ಬಿಡಿಸುವಾಗ ಮೊದಲೇ ಒಳಗೆ ಅಡ್ಡಪಟ್ಟಿಗಳನ್ನು ಕೂರಿಸಿ, ಹೊಸ ತಗಡನ್ನು ತಾತ್ಕಾಲಿಕವಾಗಿ ಹಿಡಿಸಿ, ಬಾಗಿಲು ತೂಗುಹಾಕಿ ಅದರ ಸುತ್ತಲಿನ ಅಂತರ ಸರಿಯಿದೆಯೆಂದು ಖಾತ್ರಿಪಡಿಸಿಕೊಂಡ ಮೇಲೆಯೇ ಬೆಸುಗೆ ಹಾಕಬೇಕು. ಬೆಸುಗೆ ಮುಗಿದ ಮೇಲೆ ಬಾಗಿಲು ಕೂರದಿದ್ದರೆ ಮತ್ತೆ ಬಿಡಿಸುವುದೊಂದೇ ದಾರಿ.

ಒಂದರ ಮೇಲೊಂದು ಕೂರುವ ಎರಡೂ ಮುಖಗಳನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಬೆಸುಗೆಗೆ ಅಡ್ಡಿಯಾಗದ ಸತುವಿನ ಪ್ರೈಮರನ್ನು ತೆಳುವಾಗಿ ಹೊಡೆಯಿರಿ. ಮಿಗ್ ವೆಲ್ಡಿಂಗಿನಲ್ಲಿ (ತಂತಿ ಕರಗಿಸಿ ಬೆಸೆಯುವ ವಿಧಾನ) ಮೇಲಿನ ತಗಡಿನ ತೂತು ತುಂಬುವ ಕ್ರಮದಲ್ಲಿ ಬೆಸೆಯುವುದಾದರೆ, ತೂತಿನ ತಳದಲ್ಲಿ ಕಾಣುವ ಪ್ರೈಮರನ್ನು ಕೆರೆದು ತೆಗೆಯಿರಿ. ಇಲ್ಲದಿದ್ದರೆ ಸತು ಕಾದು ಆವಿಯಾಗಿ ಬೆಸುಗೆ ಸಿಡಿಯುತ್ತದೆ, ಗುಳ್ಳೆಗಟ್ಟುತ್ತದೆ. ಆ ಹೊಗೆಯನ್ನು ಉಸಿರಾಡಿದವರಿಗೆ ಜ್ವರ ಬರುವುದುಂಟು, ಆದ್ದರಿಂದ ಗಾಳಿಯಾಡುವ ಜಾಗವೂ ತಕ್ಕ ಮುಖವಾಡವೂ ಇರಲಿ.

ಇನ್ನು ಸೀಲರ್. ಬೆಸುಗೆಯನ್ನು ಉಜ್ಜಿ ಶುಚಿಮಾಡಿದ ಮೇಲೆ ಮೊದಲು ಎಪಾಕ್ಸಿ ಪ್ರೈಮರ್, ಅದರ ಮೇಲೆ ಸೀಲರ್, ಕೊನೆಗೆ ಬಣ್ಣ: ಈ ಅನುಕ್ರಮವನ್ನು ತಪ್ಪಿಸಬೇಡಿ. ಬರಿಯ ಲೋಹಕ್ಕೆ ಸೀಲರ್ ಹಾಕಿದರೆ ಅದರ ಅಂಚು ಎಲ್ಲಾದರೂ ಒಂದಿಷ್ಟು ಎದ್ದ ಕೂಡಲೇ ತುಕ್ಕು ಅಡಿಯಲ್ಲಿ ಹರಡತೊಡಗುತ್ತದೆ. ಪಾಲಿಯುರೆಥೇನ್ ಸೀಲರ್ ಆದೀತು, ಎಂಎಸ್ ಪಾಲಿಮರ್ ಸೀಲರೂ ಆದೀತು. ಕೊಳವೆಯಲ್ಲಿ ಬರುವ ಇವೆರಡೂ ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುವಂಥವು. ಮೇಲೆ ಬೇಗನೆ ಪೊರೆ ಕಟ್ಟಿದರೂ ಒಳಗೆ ಗಟ್ಟಿಯಾಗುವ ವೇಗ ಸಾಮಾನ್ಯವಾಗಿ ದಿನಕ್ಕೆ ಎರಡು ಮೂರು ಮಿಲಿಮೀಟರ್ ಮಾತ್ರವಾದ್ದರಿಂದ ದಪ್ಪವಾಗಿ ತುಂಬಿದಲ್ಲಿ ಅವಸರ ಮಾಡಬಾರದು. ಬಣ್ಣವನ್ನು ಯಾವಾಗ ಹೊಡೆಯಬೇಕೆಂಬುದಕ್ಕೆ ತಯಾರಕರ ಸೂಚನೆಯನ್ನೇ ನೋಡಿ. ಮನೆಬಳಕೆಯ ಸಿಲಿಕಾನ್ ಖಂಡಿತ ಬೇಡ: ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ, ಹುಳಿವಾಸನೆ ಬರುವ ಬಗೆಯದು ಒಣಗುವಾಗ ಅಸಿಟಿಕ್ ಆಮ್ಲವನ್ನೂ ಬಿಡುತ್ತದೆ.

ಪ್ರಶ್ನೆ: ಬಣ್ಣ ಕೆರೆಯುವಾಗ ಛಾವಣಿ ಹಿಂಬದಿಯ ತಗಡಿಗೆ ಸೇರುವಲ್ಲಿ ಬೂದುಬಣ್ಣದ ಮೆದು ಲೋಹ ಸಿಕ್ಕಿತು. ಇದು ಸೀಸವೇ? ತೆಗೆದು ಪುಟ್ಟಿ ತುಂಬಿದರೆ ಆಗದೇ?

ಉತ್ತರ: ಬಹುಮಟ್ಟಿಗೆ ಅದು ಕಾರ್ಖಾನೆಯಲ್ಲೇ ತುಂಬಿದ ಸೀಸ-ತವರದ ಮಿಶ್ರಲೋಹ. 70 ಭಾಗ ಸೀಸ, 30 ಭಾಗ ತವರ ಇರುವ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಲು ಆರಂಭಿಸಿದರೂ ಪೂರ್ತಿ ದ್ರವವಾಗಲು ಸುಮಾರು 255 ಡಿಗ್ರಿ ಬೇಕು. ಈ ನಡುವಿನ ಶಾಖದಲ್ಲಿ ಅದು ಬೆಣ್ಣೆಯಂತೆ ಮೆದುವಾಗಿರುವುದರಿಂದ, ಮೇಣ ಸವರಿದ ಮರದ ಹಲಗೆಯಿಂದ ಇಳಿಜಾರಿನ ಮೇಲೂ ತೀಡಿ ಆಕಾರ ಕೊಡಲು ಸಾಧ್ಯವಾಗುತ್ತದೆ.

ಅದು ಬಿರುಕಿಲ್ಲದೆ ಅಂಟಿಕೊಂಡಿದ್ದರೆ ಮುಟ್ಟಬೇಡಿ. ಅಷ್ಟು ಬಾಳಿಕೆ ಬಂದ ಕೆಲಸವನ್ನು ಕಿತ್ತು ಪುಟ್ಟಿ ಮೆತ್ತುವುದು ನನ್ನ ದೃಷ್ಟಿಯಲ್ಲಿ ದುರಸ್ತಿಯಲ್ಲ. ಗುಳ್ಳೆಯೆದ್ದಿದ್ದರೆ ಮಾತ್ರ ಮೃದುವಾಗಿ ಕಾಯಿಸಿ ತೆಗೆದು, ಕೆಳಗಿನ ಸಂದನ್ನು ನೋಡಿ ಸರಿಪಡಿಸಿ. ಉಳಿದ ಸೀಸದ ಪಕ್ಕದಲ್ಲಿ ವೆಲ್ಡಿಂಗ್ ಮಾಡಿದರೆ ಬೆಸುಗೆ ಕೆಡುತ್ತದೆ, ವಿಷದ ಹೊಗೆಯೂ ಏಳುತ್ತದೆ. ಹೊಸದಾಗಿ ತುಂಬಿದ್ದನ್ನು ಅರದಿಂದ ಕೈಯಲ್ಲೇ ಉಜ್ಜಿ. ಗ್ರೈಂಡರ್ ಹಿಡಿದರೆ ಸೀಸದ ನಯವಾದ ಧೂಳು ಇಡೀ ಶೆಡ್ಡನ್ನು ತುಂಬುತ್ತದೆ. ಸೀಸ ಅಂಟಲೆಂದು ಮೊದಲು ತಗಡಿಗೆ ತವರ ಹಿಡಿಸಲು ಬಳಸಿದ ಪೇಸ್ಟಿನ ಆಮ್ಲವನ್ನು ಅಡುಗೆಸೋಡದ ನೀರಿನಿಂದ ತೊಳೆದು, ಮತ್ತೆ ಬರಿ ನೀರಿನಿಂದ ತೊಳೆದು ಪೂರ್ತಿ ಒಣಗಿಸದೆ ಪ್ರೈಮರ್ ಹೊಡೆಯಬಾರದು. ಸೀಸದ ಮೇಲೆ ಕೆಲವು ತಿಂಗಳ ಬಳಿಕ ಏಳುವ ಬಣ್ಣದ ಗುಳ್ಳೆಗಳಿಗೆ ಈ ಉಳಿಕೆಯೇ ಹೆಚ್ಚಾಗಿ ಕಾರಣ. ಪುಟ್ಟಿಯನ್ನೇ ಬಳಸುವುದಾದರೆ ಸಂದನ್ನು ಮೊದಲು ಉದ್ದಕ್ಕೂ ಬಿಡದೆ ಬೆಸೆದಿರಬೇಕು, ಏಕೆಂದರೆ ಅಲುಗುವ ಸಂದಿನ ಮೇಲೆ ಪುಟ್ಟಿ ನಿಲ್ಲುವುದಿಲ್ಲ.

ಪ್ರಶ್ನೆ: ಬಾಗಿಲಿನ ಕೆಳಅಂಚನ್ನೂ ಬೋಲ್ಟಿನಲ್ಲಿ ಕೂರುವ ಮುಂದಿನ ಮಡ್‌ಗಾರ್ಡನ್ನೂ ಸೀಲ್ ಮಾಡಬೇಕೆ?

ಉತ್ತರ: ಬೋಲ್ಟಿನ ಮಡ್‌ಗಾರ್ಡು ಮುಂದೆಯೂ ಬಿಚ್ಚಬೇಕಾದ ಭಾಗ, ಅದಕ್ಕೆ ಗಟ್ಟಿಯಾಗದ ಬ್ಯುಟೈಲ್ ರಬ್ಬರಿನ ಅಂಟುಪಟ್ಟಿ ಸಾಕು. ಬಾಗಿಲಿನ ವಿಷಯ ಬೇರೆ. ಗಾಜಿನ ಪಕ್ಕದಿಂದ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ, ಅದು ಹೊರಹೋಗಲೆಂದೇ ಕೆಳಗೆ ತೂತುಗಳನ್ನು ಬಿಟ್ಟಿರುತ್ತಾರೆ. ಹೊರತಗಡನ್ನು ಒಳಚೌಕಟ್ಟಿನ ಮೇಲೆ ಮಡಿಸಿದ ಅಂಚಿಗೆ ಸೀಲರಿನ ತೆಳುವಾದ ಗೆರೆ ಎಳೆಯಬಹುದು, ಆದರೆ ತೂತುಗಳು ತೆರೆದೇ ಇರಬೇಕು. ಬಣ್ಣದ ಕೆಲಸ ಮುಗಿದ ಮೇಲೆ ಒಳಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳುಭಾಗಗಳಲ್ಲಿ ತುಕ್ಕು ತಡೆಯುವ ಮೇಣ) ಸಿಂಪಡಿಸಿ, ಅದು ಇಳಿದು ನಿಲ್ಲುವ ಮೊದಲೇ ಪ್ರತಿ ತೂತಿಗೂ ಒಮ್ಮೆ ತಂತಿ ತೂರಿಸಿ ತೆಗೆಯಿರಿ.